ಇನ್ನೊಂದು ಕಾಪಿ

ಕಾಪಿ ಆಗುತ್ತಿರುವಷ್ಟು ಹೊತ್ತೂ ಆಪಾ ಹಾರ್ಡ್ ಡ್ರೈವಿನ ಪಕ್ಕದಲ್ಲಿ ಕಿವಿಗೊಟ್ಟು ಕೂರುತ್ತಿದ್ದರು. ಪರದೆಯ ಮೇಲೆ ಹಸಿರು ಪಟ್ಟಿ ತೆವಳುತ್ತಿರುತ್ತಿತ್ತು. ಇನ್ನೆಷ್ಟು ಹೊತ್ತು ಬೇಕು ಎಂದು ಕಂಪ್ಯೂಟರೇ ಬರೆದು ತೋರಿಸುತ್ತಿತ್ತು. ಅದನ್ನು ಅವರು ನಂಬುತ್ತಿರಲಿಲ್ಲ.

"ಅದು ಬಾಯಿಗೆ ಬಂದಿದ್ದು ಹೇಳುತ್ತೆ ಬೇಟಾ. ಈಗ ಹತ್ತು ನಿಮಿಷ ಅನ್ನುತ್ತೆ, ಆಮೇಲೆ ಎರಡು ಗಂಟೆ ಅನ್ನುತ್ತೆ. ಒಳಗೆ ತಿರುಗ್ತಾ ಇದೆಯಲ್ಲ, ಅದು ಸುಳ್ಳು ಹೇಳಲ್ಲ."

ನಂದಿ ಬೆಟ್ಟದ ಕಡೆಯ ವಿಜಯಪುರದಲ್ಲಿ ಅವರ ತಂದೆ ರೇಷ್ಮೆ ನೂಲಿಗೆ ಹುರಿ ಹಾಕುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದರಂತೆ. ಮನೆಯ ಹಿಂದಿನ ಕೋಣೆಯಲ್ಲೇ ಯಂತ್ರ. ಅಷ್ಟೊಂದು ಕದಿರುಗಳು ಒಟ್ಟಿಗೆ ತಿರುಗುವ ಸದ್ದಿನಲ್ಲಿ ಎಲ್ಲೋ ಒಂದು ಎಳೆ ಕಡಿದರೂ ಸಾಕು, ಊಟಕ್ಕೆ ಕೂತವರ ಕೈ ತುತ್ತಿನ ಸಮೇತ ಅಲ್ಲೇ ನಿಂತುಬಿಡುತ್ತಿತ್ತಂತೆ. ಆ ಕಿವಿಯನ್ನೇ ಅವರು ಹೊಸಕೋಟೆಗೆ, ನಮ್ಮ ಸ್ಕ್ಯಾನಿಂಗ್ ಸೆಂಟರಿಗೆ ತಂದಿದ್ದರು.

ಅವರು ಅಲ್ಲಿ ಹಿರಿಯ ಟೆಕ್ನಿಷಿಯನ್. ನಾನು ಬೆಂಗಳೂರಿನಲ್ಲಿ ಪದವಿ ಮುಗಿಸಿ ಬಂದು ಅವರ ಕೈಕೆಳಗೆ ಸೇರಿದೆ. ಅಕ್ಕ ಎನ್ನುವ ಹಾಗೆ, ಡಾಕ್ಟರರಿಂದ ಹಿಡಿದು ಗೇಟಿನ ಹತ್ತಿರದ ಆಟೋದವರವರೆಗೆ ಎಲ್ಲರೂ ಅವರನ್ನು ಆಪಾ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಮಂಡಿನೋವು ಹೆಚ್ಚಾಗಿ ಕಳೆದ ವರ್ಷ ಅವರು ಕೆಲಸ ಬಿಟ್ಟರು.

ಹೋದ ತಿಂಗಳು ರೋಗಿಯಾಗಿ ಬಂದರು. ಬಹಳ ದಿನದಿಂದ ಬಿಡದ ಕೆಮ್ಮು. ಸ್ಕ್ಯಾನ್ ಮಾಡಿದವಳು ನಾನೇ. ಬಲಗಡೆಯ ಶ್ವಾಸಕೋಶದಲ್ಲಿ, ಮೇಲುಭಾಗದಲ್ಲಿ, ಒಂದು ಚುಕ್ಕೆ ಕಂಡಿತು.

ಇಂಥ ಚುಕ್ಕೆ ಹಳೆಯದಾಗಿದ್ದು, ವರ್ಷಗಟ್ಟಲೆ ಬೆಳೆಯದೆ ಹಾಗೇ ಉಳಿದಿದ್ದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಎಂದೋ ಆಗಿ ಮಾಗಿದ ಗಾಯದ ಗುರುತು. ಹೊಸದಾಗಿದ್ದರೆ ಸೂಜಿ ಚುಚ್ಚಿ ತುಣುಕು ತೆಗೆಯಬೇಕು, ಅದರ ಫಲಿತಾಂಶಕ್ಕೆ ಕಾಯಬೇಕು, ಆಮೇಲಿನದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಳೆಯದೋ ಹೊಸದೋ ಎಂದು ತಿಳಿಯಬೇಕಾದರೆ ಹಳೆಯ ಸ್ಕ್ಯಾನ್ ಬೇಕು. ಕೋವಿಡ್ ಕಾಲದಲ್ಲಿ ಆಪಾ ಅವರಿಗೂ ಸೋಂಕು ತಗುಲಿ ಇದೇ ಯಂತ್ರದಲ್ಲಿ ಎದೆಯ ಸ್ಕ್ಯಾನ್ ಆಗಿತ್ತು. ಆ ದಿನಗಳಲ್ಲಿ ವರದಿಯಲ್ಲಿ ಸೋಂಕು ಎಷ್ಟಿದೆ ಎಂಬುದನ್ನು ಬರೆಯುವುದೇ ಹೆಚ್ಚು, ಚಿಕ್ಕ ಚುಕ್ಕೆಗಳನ್ನು ಯಾರೂ ಬರೆಯುತ್ತಿರಲಿಲ್ಲ. ಹಾಗಾಗಿ ಚಿತ್ರಗಳನ್ನೇ ನೋಡಬೇಕು. ಅವು ಇದ್ದದ್ದು ಒಂದೇ ಕಡೆ, ಆಪಾ ತಾವೇ ತುಂಬಿಸಿಟ್ಟಿದ್ದ ಒಂದು ಹಾರ್ಡ್ ಡ್ರೈವಿನಲ್ಲಿ.

ಸ್ಕ್ಯಾನ್ ಎಂದರೆ ಜನ ಒಂದು ಫೋಟೋ ಎಂದುಕೊಳ್ಳುತ್ತಾರೆ. ಅದು ಬ್ರೆಡ್ಡಿನ ಹೋಳುಗಳ ಹಾಗೆ. ಒಬ್ಬರ ಎದೆಯನ್ನು ತೆಳ್ಳಗೆ ಹೋಳುಮಾಡಿ ನೂರಾರು ಚಿತ್ರ ತೆಗೆದಿರುತ್ತೇವೆ. ದಿನವೆಲ್ಲ ಬಂದವರದ್ದು ಸೇರಿದರೆ ಯಂತ್ರದ ಕಂಪ್ಯೂಟರ್ ಬೇಗ ತುಂಬುತ್ತದೆ. ತುಂಬಿದ ಮೇಲೆ ಅದು ಯಾರನ್ನೂ ಕೇಳದೆ ಎಲ್ಲಕ್ಕಿಂತ ಹಳೆಯದನ್ನು ಅಳಿಸಿ ಜಾಗ ಮಾಡಿಕೊಳ್ಳುತ್ತದೆ. ನಾನು ಸೇರುವ ಎಷ್ಟೋ ಮೊದಲು ಹೀಗೆ ಶಾಲಾ ಟೀಚರೊಬ್ಬರ ಹಳೆಯ ಸ್ಕ್ಯಾನ್ ಅಳಿಸಿಹೋಗಿತ್ತಂತೆ. ಅವರಲ್ಲೂ ಒಂದು ಚುಕ್ಕೆ. ಹೋಲಿಸಿ ನೋಡಲು ಹಳೆಯದು ಇಲ್ಲದ್ದರಿಂದ, ಮೂರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ಬೆಳೆದಿದೆಯೇ ನೋಡೋಣ ಎಂದರಂತೆ ಡಾಕ್ಟರು.

"ಆ ಮೂರು ತಿಂಗಳು ಆಯಮ್ಮ ದಿನಾ ನನಗೆ ಫೋನ್ ಮಾಡೋರು" ಎಂದು ಆಪಾ ಹೇಳಿದ್ದರು. "ಏನೂ ಕೇಳ್ತಿರ್ಲಿಲ್ಲ. ‘ಆಪಾ, ಊಟ ಆಯ್ತಾ’ ಅನ್ನೋರು. ‘ಆಯ್ತಮ್ಮ, ನಿಮ್ದು’ ಅಂದ್ರೆ ಸುಮ್ನಾಗ್ಬಿಡೋರು. ಅವರು ಊಟ ಮಾಡಿರ್ತಿರ್ಲಿಲ್ಲ. ಫೋನ್ ಇಟ್ಮೇಲೆ ನನಗೂ ತುತ್ತು ಇಳೀತಿರ್ಲಿಲ್ಲ."

ಕೊನೆಗೆ ಟೀಚರಿಗೆ ಏನೂ ಆಗಿರಲಿಲ್ಲ. ಆದರೆ ಆ ಮೂರು ತಿಂಗಳನ್ನು ಆಪಾ ಮರೆಯಲಿಲ್ಲ. ಮಾಲೀಕರ ಬೆನ್ನು ಬಿದ್ದು ಹಾರ್ಡ್ ಡ್ರೈವ್ ತರಿಸಿದರು. ಅಲ್ಲಿಂದ ಮುಂದೆ ತಿಂಗಳು ತಿಂಗಳೂ ಎಲ್ಲ ಸ್ಕ್ಯಾನ್‌ಗಳು ಡ್ರೈವಿಗೆ ಹೋಗುತ್ತಿದ್ದವು, ಒಂದಲ್ಲ, ಎರಡು ಡ್ರೈವಿಗೆ. ಒಂದು ಇಲ್ಲಿ, ಇನ್ನೊಂದು ಎದುರಿನ ಕಟ್ಟಡದಲ್ಲಿರುವ ಮಾಲೀಕರ ಕ್ಲಿನಿಕ್ಕಿನ ಕಪಾಟಿನಲ್ಲಿ. ಕೋವಿಡ್ ತಿಂಗಳುಗಳು ಮಾತ್ರ ಒಂದೇ ಡ್ರೈವಿನಲ್ಲಿ ಉಳಿದವು. ಆಗ ಅಂಗಡಿಗಳು ಮುಚ್ಚಿದ್ದವು, ಸ್ಕ್ಯಾನ್‌ಗೆ ಬಂದವರ ಸಾಲು ರಸ್ತೆಯವರೆಗೆ ಇತ್ತು. ಆಮೇಲೆ ಎಲ್ಲರೂ ಅದನ್ನು ಮರೆತರು, ಆಪಾ ಒಬ್ಬರನ್ನು ಬಿಟ್ಟು. "ಕೋವಿಡ್ದು ಒಂದೇ ಕಾಪಿ ಸಾರ್" ಎಂದು ಅವರು ಮಾಲೀಕರಿಗೆ ನೆನಪಿಸುತ್ತಿದ್ದದ್ದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. "ಮಾಡೋಣ ಆಪಾ" ಎನ್ನುತ್ತಿದ್ದರು ಅವರು.

ಎಕ್ಸ್‌ರೇ ತೆಗೆಯುವಾಗ ಹಾಕಿಕೊಳ್ಳುವ ಸೀಸದ ಏಪ್ರನ್‌ಗಳ ಬೀರುವಿನಲ್ಲಿ ಡ್ರೈವ್‌ಗಳನ್ನು ಇಡುತ್ತಿದ್ದರು. ಪ್ರತಿಯೊಂದಕ್ಕೂ ಮಕ್ಕಳ ಹಳೆಯ ಉಣ್ಣೆ ಟೋಪಿ. ಮೇಲೆ ಒಂದು ಏಪ್ರನ್ ಹೊದಿಕೆ. ಎಕ್ಸ್‌ರೇಯಿಂದ ಹಾರ್ಡ್ ಡ್ರೈವಿಗೆ ಏನೂ ಆಗುವುದಿಲ್ಲ ಎಂದು ನಾನು ಸೇರಿದ ಹೊಸತರಲ್ಲಿ ಹೇಳಿದೆ.

"ಗೊತ್ತು" ಎಂದರು. "ಆದ್ರೂ ಇರ್ಲಿ."

ಅವರ ಭಯಗಳಲ್ಲಿ ಕೆಲವು ಸರಿ, ಕೆಲವು ಸುಮ್ಮನೆ. ನಂದಿ ಬೆಟ್ಟದ ಕಡೆ ಎಲ್ಲೋ ಗುಡುಗಿದರೆ ಇಲ್ಲಿ ಕಾಪಿ ನಿಲ್ಲಿಸಿ ತಂತಿ ಎಳೆಯುತ್ತಿದ್ದರು. ಡ್ರೈವ್ ಹಿಡಿದು ಎದುರಿನ ಕಟ್ಟಡಕ್ಕೆ ಹೋಗುವಾಗ ರಸ್ತೆ ದಾಟಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರೆಂದರೆ, ಆಟೋದವರೇ ಕೈ ಅಡ್ಡ ಹಿಡಿದು ಗಾಡಿಗಳನ್ನು ನಿಲ್ಲಿಸುತ್ತಿದ್ದರು. ಫೈಲುಗಳನ್ನು ‘ಕಟ್’ ಮಾಡಿ ಸಾಗಿಸುವಂತಿಲ್ಲ, ಕಾಪಿ ಮಾತ್ರ. "ಕಟ್ ಮಾಡ್ದಾಗ ಕರೆಂಟ್ ಹೋದ್ರೆ ಅದು ಅಲ್ಲೂ ಇಲ್ಲ ಇಲ್ಲೂ ಇಲ್ಲ." ಡ್ರೈವ್ ಪಕ್ಕದಲ್ಲಿ ತಿನ್ನುವಂತಿಲ್ಲ, ನೀರಿನ ಬಾಟಲಿ ಇಡುವಂತಿಲ್ಲ. ಈಗ ತೆಗೆಯಬಹುದು ಎಂದು ಪರದೆ ಹೇಳಿದ ಮೇಲೂ ಅಂಗೈಯನ್ನು ಅದರ ಮೇಲಿಟ್ಟು, ಒಳಗಿನ ತಿರುಗಾಟ ಪೂರ್ತಿ ನಿಂತಿತೇ ನೋಡುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಆಮೇಲೆ ತಂತಿಯನ್ನು ಹೆಬ್ಬೆರಳು ಕಿರುಬೆರಳಿನ ನಡುವೆ ರೇಷ್ಮೆ ಲಡಿ ಸುತ್ತಿದಂತೆ ಸುತ್ತಿ ಇಡುತ್ತಿದ್ದರು.

ಕೌಂಟರಿನಲ್ಲಿ ಕೂರುವ ಮಂಜಣ್ಣ ಸುಮ್ಮನಿರುತ್ತಿರಲಿಲ್ಲ.

"ಆಪಾ, ಅದಕ್ಕೊಂದು ತೊಟ್ಟಿಲು ಕಟ್ಬಿಡಿ ಅತ್ಲಾಗೆ."

"ಕಟ್ತೀನಿ. ತೂಗೋಕೆ ನಿನ್ನೇ ಕರೀತೀನಿ. ನಿಂಗೇನು ಬೇರೆ ಕೆಲಸ ಐತಾ ಇಲ್ಲಿ?"

ಆಯುಧಪೂಜೆಯ ದಿನ ಸೆಂಟರಿನಲ್ಲಿ ಪೂಜೆ. ದೊಡ್ಡ ಯಂತ್ರಕ್ಕೆ ಹಾರ, ಬಾಳೆಕಂದು, ಬಾಗಿಲಲ್ಲಿ ಬೂದುಗುಂಬಳಕಾಯಿ. ಆ ದಿನ ಆಪಾ ಬೀರು ತೆರೆದು ಎಲ್ಲ ಡ್ರೈವ್‌ಗಳನ್ನೂ ಒಂದೊಂದಾಗಿ ತೆಗೆದು, ಕಂಪ್ಯೂಟರಿಗೆ ಹಾಕಿ, ಸ್ವಲ್ಪ ಹೊತ್ತು ತಿರುಗಿಸಿ, ನಡುವಿನಿಂದ ಯಾವುದೋ ಒಂದು ಸ್ಕ್ಯಾನ್ ತೆರೆದು ನೋಡುತ್ತಿದ್ದರು. ಓಡಿಸದೆ ನಿಲ್ಲಿಸಿದ ಸ್ಕೂಟರ್ ಹಿಡಿದುಕೊಳ್ಳುವ ಹಾಗೆ ಇವೂ ಹಿಡಿದುಕೊಳ್ಳುತ್ತವೆ ಎಂಬುದು ಅವರ ಎಣಿಕೆ. ಅದು ಮುಗಿದ ಮೇಲೆ ಸಾಲಾಗಿ ಮೇಜಿನ ಮೇಲಿಟ್ಟು ತಾವೇ ಮಂಜಣ್ಣನನ್ನು ಕರೆಯುತ್ತಿದ್ದರು.

"ಬಾರಪ್ಪ, ಇವಕ್ಕೂ ಕುಂಕುಮ ಹಚ್ಚು. ಇವೇನು ಪಾಪ ಮಾಡಿದಾವೆ. ಮುಂದ್ಗಡೆ ಹಚ್ಚು, ಬೆರಳಲ್ಲಿ ಒಂದೇ ಚುಕ್ಕೆ. ತೂತಿನ ಹತ್ರ ಬೇಡ."

"ತೂತು ಎಲ್ಲೈತೆ ಅಂತ ನಂಗೊತ್ತು ಆಪಾ."

"ನಿಂಗೊತ್ತು. ಕುಂಕುಮಕ್ಕೆ ಗೊತ್ತಿಲ್ಲ."

ಅವನು ಹಚ್ಚುವಾಗ ತಂತಿ ಚುಚ್ಚುವ ಜಾಗಕ್ಕೆ ಆಪಾ ತಮ್ಮ ಹೆಬ್ಬೆರಳನ್ನೇ ಅಡ್ಡ ಹಿಡಿಯುತ್ತಿದ್ದರು.

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಚಿತ್ರದಲ್ಲಿ ಏನು ಕಂಡರೂ ಟೆಕ್ನಿಷಿಯನ್ ರೋಗಿಗೆ ಹೇಳಬಾರದು, ಹೇಳಬೇಕಾದವರು ಡಾಕ್ಟರು. ಅದು ರೋಗಿಗಳಿಗೂ ಗೊತ್ತು. ಆದ್ದರಿಂದ ಅವರು ಕೇಳುವುದಿಲ್ಲ, ನಮ್ಮ ಮುಖ ನೋಡುತ್ತಾರೆ. ಯಂತ್ರದಿಂದ ಇಳಿಯುವಾಗ, ಚಪ್ಪಲಿ ಹುಡುಕುವಾಗ, ಕಣ್ಣು ನಮ್ಮ ಮೇಲೇ ಇರುತ್ತದೆ. ನನಗೆ ಮೊದಲಿಂದಲೂ ಮಾತು ಕಡಿಮೆ, ಮುಖದಲ್ಲಿ ಅದಕ್ಕಿಂತ ಕಡಿಮೆ.

"ನಿನ್ನ ಮುಖ ಬೀಗ ಹಾಕಿದ ಅಂಗಡಿ ಇದ್ದಂಗೆ" ಎಂದು ಆಪಾ ಒಂದು ದಿನ ನನ್ನನ್ನೇ ನೋಡುತ್ತ ಹೇಳಿದರು. "ನಮ್ಮ ಕೆಲಸಕ್ಕೆ ಒಳ್ಳೇದು. ಮದುವೆಗೆ ಕಷ್ಟ."

ಅವರ ಬೀಗ ಎಲ್ಲಿ ಸಡಿಲ ಎಂಬುದು ನನಗೆ ತಿಳಿದದ್ದು ಜಡಿಗೇನಹಳ್ಳಿ ಕಡೆಯ ರೈತರೊಬ್ಬರು ಬಂದಾಗ. ಅವರ ಎದೆಯಲ್ಲೂ ಹೀಗೇ ಒಂದು ಚುಕ್ಕೆ. ಕೆಲವು ವರ್ಷದ ಹಿಂದೆ ಇಲ್ಲೇ ಸ್ಕ್ಯಾನ್ ಮಾಡಿಸಿ ಸಿಡಿ ತೆಗೆದುಕೊಂಡು ಹೋಗಿದ್ದರು. ಆ ಸಿಡಿ ಎಲ್ಲಿ ಎಂದು ಆಪಾ ಕೇಳಿದರು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹೇಳಿ ನೀವೇ" ಎಂದಳು ಹೆಂಡತಿ. ಕೊನೆಗೆ ಅವಳೇ ಶುರುಮಾಡಿದಳು. "ಸೀಬೆ ತೋಟದಾಗೆ ಗಿಣಿ ಕಾಟ ಕಣಮ್ಮ. ಹೊಳಿಯೋದು ಏನಾದ್ರೂ ಕಟ್ಟಿದ್ರೆ ಬರಲ್ಲ ಅಂತ ಯಾರೋ ಅಂದ್ರು. ಈವಯ್ಯ ಆ ಸಿಡಿಗೆ ದಾರ ಹಾಕಿ ಗಿಡಕ್ಕೆ ಕಟ್ಬುಟ್ಟವ್ರೆ. ಬ್ಯಾಡ ಅಂತ ಬಡ್ಕೊಂಡೆ."

"ಆಮೇಲೆ ಗಿಣಿ ಬರ್ಲಿಲ್ವಾ?" ಎಂದು ಆಪಾ ಗಂಭೀರವಾಗಿಯೇ ಕೇಳಿದರು.

"ಬಂದ್ವು. ಅದ್ರಾಗೆ ಮುಖ ನೋಡ್ಕೊಂಡು, ಸಿಂಗಾರ ಮಾಡ್ಕೊಂಡು, ತಿಂದ್ಕೊಂಡ್ ಹೋದ್ವು."

ಆ ರೈತರೂ ನಕ್ಕರು. ಖಾಲಿ ಹೊಟ್ಟೆಯಲ್ಲಿ ಬರಬೇಕಾದ ಸ್ಕ್ಯಾನ್ ಅದು, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಆಪಾ ಬೀರು ತೆರೆದು ಆ ವರ್ಷದ ಡ್ರೈವ್ ತೆಗೆದರು. ಹಳೆಯ ಸ್ಕ್ಯಾನ್ ಇತ್ತು. ಚುಕ್ಕೆಯೂ ಇತ್ತು, ಅದೇ ಜಾಗದಲ್ಲಿ, ಅಷ್ಟೇ ಗಾತ್ರ. ಆಪಾ ಹೊರಗೆ ಹೋಗಿ ಆ ಹೆಂಡತಿಗೆ ಹೇಳಿದ್ದು ಇಷ್ಟೇ. "ಡಾಕ್ಟರ್ ಮಧ್ಯಾಹ್ನ ಬರ್ತಾರಮ್ಮ, ಅವರೇ ಹೇಳ್ತಾರೆ. ಅಷ್ಟರಲ್ಲಿ ಊಟ ಮಾಡ್ಕೊಂಡು ಬನ್ನಿ."

ಅವತ್ತಿನಿಂದ ನಾನು ಗಮನಿಸತೊಡಗಿದೆ. ಚಿತ್ರ ಚೆನ್ನಾಗಿದ್ದವರಿಗೆ ಆಪಾ "ಊಟ ಮಾಡ್ಕೊಂಡು ಬನ್ನಿ" ಎನ್ನುತ್ತಿದ್ದರು. ಅಲ್ಲದವರಿಗೆ "ಇಲ್ಲೇ ಕೂತಿರಿ, ಡಾಕ್ಟರ್ ಬರ್ತಾರೆ." ಒಂದು ಸಲವೂ ತಪ್ಪಲಿಲ್ಲ. ಕೊನೆಗೆ ನಾನು ಕೇಳಿಯೇಬಿಟ್ಟೆ.

ಆಪಾ ಸೆಟೆದು ನಿಂತರು. "ನಾನೆಲ್ಲಿ ಹೇಳ್ದೆ? ಹಸ್ಕೊಂಡಿರ್ತಾರೆ, ಊಟ ಮಾಡಿ ಅಂದೆ. ಅಷ್ಟೇ." ತಂತಿ ಸುತ್ತುವುದನ್ನು ಮುಗಿಸಿ, ಟೋಪಿ ಹಾಕಿ, ಬೀರುವಿನ ಬಾಗಿಲು ಹಾಕಿದ ಮೇಲೆ ಮೆಲ್ಲಗೆ ಹೇಳಿದರು. "ಯಾರಿಗೂ ಹೇಳ್ಬೇಡ ಬೇಟಾ."

ನಾನು ಯಾರಿಗೂ ಹೇಳಲಿಲ್ಲ.

ಹೋದ ತಿಂಗಳು ಆಪಾ ಒಬ್ಬರೇ ಬಂದಿದ್ದರು. ಕೆಮ್ಮಿಗೆ ಔಷಧಿ ತರುತ್ತೇನೆಂದು ಮನೆಯಲ್ಲಿ ಹೇಳಿ ಹೊರಟಿದ್ದರಂತೆ. ಕೈಯಲ್ಲಿ ಒಂದು ಟಿಫನ್ ಡಬ್ಬಿ, ಸ್ಕ್ಯಾನ್ ಮುಗಿದ ಮೇಲೆ ತಿನ್ನಲು. ಯಂತ್ರದಿಂದ ಇಳಿಯುವಾಗ ಅವರೂ ಎಲ್ಲರ ಹಾಗೆ ನನ್ನ ಮುಖ ನೋಡಿದರು. ತಕ್ಷಣ ತಾವೇ ಕಣ್ಣು ಬೇರೆ ಕಡೆ ಹೊರಳಿಸಿ ನಕ್ಕರು.

"ಬೀಗ ಚೆನ್ನಾಗೇ ಹಾಕ್ತೀಯ."

ನಾನು ಚಪ್ಪಲಿಯನ್ನು ಅವರ ಕಾಲ ಬಳಿಗೆ ಸರಿಸಿದೆ.

"ಹಳೇದು ತೆಗೀತೀಯಾ?"

"ತೆಗೀತೀನಿ ಆಪಾ."

"ಕೋವಿಡ್ದು ಒಂದೇ ಕಾಪಿ."

"ಗೊತ್ತು. ಇಲ್ಲೇ ಕೂತಿರಿ" ಎಂದೆ.

ಮಾತು ಬಾಯಿಂದ ಹೊರಬಿದ್ದ ಮೇಲೆ ಏನು ಹೇಳಿದೆ ಎಂದು ನನಗೆ ಹೊಳೆಯಿತು. ದಿನಾ ಎಷ್ಟೋ ಜನಕ್ಕೆ ಹೇಳುವ ಮಾತು ಅದು, ನಾಲಿಗೆ ತಾನಾಗಿಯೇ ಹೇಳಿತ್ತು. ಆಪಾ ಬೆಂಚಿನ ಮೇಲೆ ಕೂತರು. ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದುಕೊಂಡರು. ಹಳೆಯ ಚಿತ್ರ ನೋಡುವವರೆಗೆ ನನ್ನ ಮಾತು ಸುಳ್ಳೋ ನಿಜವೋ ನನಗೇ ಗೊತ್ತಿರಲಿಲ್ಲ.

ಬೀರು ತೆರೆದೆ. ಕೋವಿಡ್ ಡ್ರೈವಿನ ಟೋಪಿ ನೀಲಿ. ತಂತಿ ಚುಚ್ಚಿದೆ. ದೀಪ ಹತ್ತಲಿಲ್ಲ. ತಂತಿ ತೆಗೆದು ಮತ್ತೆ ಚುಚ್ಚಿದೆ. ಅರ್ಧಕ್ಕೇ ನಿಂತಿತು, ಒಳಗೆ ಹೋಗುತ್ತಿರಲಿಲ್ಲ. ತಿರುಗಿಸಿ ಬೆಳಕಿಗೆ ಹಿಡಿದೆ. ತೂತಿನ ತುಂಬ ಕುಂಕುಮ ಒಣಗಿ ಗಟ್ಟಿಯಾಗಿ ಕೂತಿತ್ತು.

ಆಪಾ ಬಿಟ್ಟ ಮೇಲಿನ ಮೊದಲ ಆಯುಧಪೂಜೆಗೆ ನಾನು ರಜೆ ಹಾಕಿ ನೆಲಮಂಗಲಕ್ಕೆ, ಮನೆಗೆ ಹೋಗಿದ್ದೆ. ಹೆಬ್ಬೆರಳು ಅಡ್ಡ ಹಿಡಿಯುವವರು ಯಾರೂ ಇರಲಿಲ್ಲ. ಮಂಜಣ್ಣನನ್ನು ಒಳಗೆ ಕರೆದು ತೋರಿಸಿದೆ. ಅವನ ಮುಖ ಸಣ್ಣದಾಯಿತು.

"ಅಯ್ಯೋ ಮೇಡಂ. ಆಪಾ ಇಲ್ಲ ಅಂತ ಅವರ ಡ್ರೈವ್‌ಗಳಿಗೆ ಏನೂ ಕಮ್ಮಿ ಆಗ್ಬಾರ್ದು ಅಂತ ಕುಂಕುಮ ಕಲಸಿ ಚೆನ್ನಾಗಿ ಹಚ್ಬಿಟ್ಟೆ." ಬೆಂಚಿನ ಕಡೆ ನೋಡಿದ. "ಆಪಾ ಅವರದ್ದೇ ಇರೋದಾ ಇದ್ರಲ್ಲಿ?"

"ಹೌದು."

ಅವನು ಓಡಿಹೋಗಿ ಎದುರಿನ ಅಂಗಡಿಯಿಂದ ಹೊಸ ಹಲ್ಲುಜ್ಜುವ ಬ್ರಶ್ ತಂದ. ಒಣಬ್ರಶ್ಶಿನಿಂದ ಉಜ್ಜಿದೆ, ಕೆಳಮುಖ ಮಾಡಿ ಹಿಡಿದು, ಪುಡಿ ಒಳಗೆ ಬೀಳದ ಹಾಗೆ. ಪಿನ್ನು ಹಾಕಿ ಕೆರೆಯಲು ಕೈ ಹವಣಿಸಿತು, ಹಾಕಲಿಲ್ಲ. ಬಿಳಿ ಬ್ರಶ್ಶು ಕೆಂಪಾಯಿತು, ನನ್ನ ಬೆರಳುಗಳೂ ಕೆಂಪಾದವು. ಮತ್ತೆ ತಂತಿ ಚುಚ್ಚಿದೆ. ದೀಪ ಹತ್ತಿತು.

ಕಿವಿ ಕೊಟ್ಟೆ. ನನಗೆ ಹುರಿ ಕಾರ್ಖಾನೆಯ ಕಿವಿ ಇಲ್ಲ. ಆದರೂ ಟಕ್ ಎಂದದ್ದು ಕೇಳಿತು, ಮತ್ತೆ ಟಕ್. ಡ್ರೈವ್ ಸಾಯುವಾಗ ಮಾಡುವ ಸದ್ದು ಅದು. ಆಮೇಲೆ ಏನೋ ಹಿಡಿತ ಸಿಕ್ಕಿದಂತೆ ಸಣ್ಣಗೆ, ಒಂದೇ ಸಮನೆ ತಿರುಗತೊಡಗಿತು.

ಆ ತಿಂಗಳಿನ ಫೋಲ್ಡರ್ ತೆರೆಯಿತು. ಸಾಲು ಸಾಲು ಹೆಸರುಗಳು. ಅವರಲ್ಲಿ ಎಷ್ಟು ಜನ ಈಗ ಇಲ್ಲವೋ. ಓದದೆ ಕೆಳಗೆ ಸರಿಸಿದೆ. ಆಪಾ ಅವರ ಹೆಸರು ಸಿಕ್ಕಿತು. ಬಹಳ ಜನಕ್ಕೆ ಅವರಿಗೊಂದು ಹೆಸರಿದೆ ಎಂಬುದೇ ಗೊತ್ತಿಲ್ಲ.

ಅದನ್ನು ಅಲ್ಲೇ ತೆರೆದು ನೋಡಿಬಿಡಬೇಕೆಂದು ಎಷ್ಟು ಅನ್ನಿಸಿತೆಂದರೆ ಕೈಯನ್ನು ಮೌಸಿನಿಂದ ತೆಗೆಯಬೇಕಾಯಿತು. ಮುದಿ ಡ್ರೈವ್ ಸಿಕ್ಕಾಗ ಮೊದಲು ಕಾಪಿ, ಆಮೇಲೆ ನೋಟ. ಅದು ಅವರೇ ಹೇಳಿಕೊಟ್ಟದ್ದು. "ನೀನು ನೋಡ್ತಾ ಕೂತಿದ್ದಾಗ ಅದು ನಿಂತ್ಹೋದ್ರೆ, ನೀನು ನೋಡಿದ್ದಕ್ಕೆ ಸಾಕ್ಷಿ ಯಾರು?" ಕಾಪಿಗೆ ಹಾಕಿದೆ. ಹಸಿರು ಪಟ್ಟಿ ಸ್ವಲ್ಪ ದೂರ ಬಂದು ನಿಂತಿತು. ಎರಡು ನಿಮಿಷ ಎಂದದ್ದು ನಲವತ್ತು ನಿಮಿಷ ಎಂದಿತು. ಮತ್ತೆ ಟಕ್. ಗಾಜಿನ ಆಚೆ ಬೆಂಚಿನ ಮೇಲೆ ಆಪಾ ತಲೆಯನ್ನು ಒಂದು ಕಡೆಗೆ ವಾಲಿಸಿ ಕೂತಿದ್ದರು. ಅಷ್ಟು ದೂರಕ್ಕೆ, ಮುಚ್ಚಿದ ಬಾಗಿಲಿನಾಚೆಗೆ, ಆ ಸದ್ದು ಕೇಳುವ ಸಾಧ್ಯತೆಯೇ ಇರಲಿಲ್ಲ.

ಪಟ್ಟಿ ಅಲುಗಿತು. ಒಂದಿಷ್ಟು ಚಿತ್ರ ಬಂದವು, ನಿಂತಿತು, ಮತ್ತೊಂದಿಷ್ಟು ಬಂದವು. ಯಾವುದರಲ್ಲಿ ಚುಕ್ಕೆಯ ಜಾಗ ಇದೆಯೋ ಆ ಹೋಳುಗಳೇ ಬಾರದೆ ಹೋದರೆ ಎಂದು ಯೋಚಿಸಿದೆ. ಯೋಚಿಸಬಾರದೆಂದು ಮತ್ತೆ ಯೋಚಿಸಿದೆ. ಕೊನೆಗೆ ಪಟ್ಟಿ ತುಂಬಿ ಮಾಯವಾಯಿತು.

ಹೊಸ ಸ್ಕ್ಯಾನ್ ಎಡಕ್ಕೆ, ಹಳೆಯದು ಬಲಕ್ಕೆ. ಕುತ್ತಿಗೆಯ ಬುಡದಿಂದ ಒಂದೊಂದೇ ಹೋಳು ಇಳಿಯುತ್ತ ಬಂದೆ. ಹಳೆಯದರಲ್ಲಿ ಸೋಂಕಿನ ಮಬ್ಬು ಅಲ್ಲಲ್ಲಿ ಹರಡಿತ್ತು, ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ. ಆ ಮಬ್ಬಿನ ಪಕ್ಕದಲ್ಲಿ, ಬಲಗಡೆಯ ಮೇಲುಭಾಗದಲ್ಲಿ, ಚುಕ್ಕೆ ಇತ್ತು. ಅಳೆದೆ. ಹೊಸದನ್ನು ಅಳೆದೆ. ನನ್ನ ಅಳತೆಯ ಮೇಲೆ ನಂಬಿಕೆ ಬಾರದೆ ಅಂಚಿನಿಂದ ಅಂಚಿಗೆ ಮತ್ತೆ ಅಳೆದೆ. ಅಷ್ಟೇ ಇತ್ತು. ಮಧ್ಯಾಹ್ನ ಡಾಕ್ಟರು ಬಂದು ಬರೆದದ್ದೂ ಅದನ್ನೇ, ಕೆಮ್ಮು ಬೇರೆ ಕಾರಣದ್ದು ಎಂದರು. ಆದರೆ ಆ ಹೊತ್ತಿನಲ್ಲಿ ನನ್ನ ಕಣ್ಣು ಬಿಟ್ಟರೆ ಬೇರೆ ಆಧಾರವಿರಲಿಲ್ಲ. ಹೇಳುವ ಅಧಿಕಾರವೂ ಇರಲಿಲ್ಲ.

ಹೊರಗೆ ಹೋದೆ. ಆಪಾ ನನ್ನ ಮುಖ ನೋಡಲಿಲ್ಲ. ಡಬ್ಬಿಯ ಮುಚ್ಚಳವನ್ನೇ ನೋಡುತ್ತಿದ್ದರು. ಮಂಜಣ್ಣ ಕೌಂಟರಿನ ಹಿಂದೆ ಯಾವುದೋ ಕಾಗದ ಹುಡುಕುತ್ತಿದ್ದವನು ಹುಡುಕುವುದನ್ನು ನಿಲ್ಲಿಸಿದ.

"ಆಪಾ" ಎಂದೆ. "ಡಾಕ್ಟರ್ ಮಧ್ಯಾಹ್ನ ಬರ್ತಾರೆ. ಊಟ ಮಾಡ್ಕೊಂಡು ಬನ್ನಿ."

ಅವರು ನನ್ನ ಕೈ ಹಿಡಿದುಕೊಂಡರು. ಹಿಡಿದ ಕೈಯನ್ನು ತಿರುಗಿಸಿ ಬೆರಳುಗಳನ್ನು ನೋಡಿದರು.

"ಇದೇನು ಕೆಂಪು?"

ಅವರು ಕೌಂಟರಿನ ಕಡೆ ತಿರುಗಿದರು. "ಲೇ ಮಂಜಾ! ತೂತಿಗೇ ಹಚ್ಚಿದ್ಯೇನೋ?"

"ತಪ್ಪಾಯ್ತು ಆಪಾ. ಭಕ್ತಿ ಜಾಸ್ತಿ ಆಗ್ಬಿಡ್ತು."

ಆಪಾ ನಕ್ಕರು. ನಗು ಕೆಮ್ಮಾಯಿತು, ಕೆಮ್ಮಿನ ಜೊತೆ ಕಣ್ಣಲ್ಲಿ ನೀರೂ ಬಂತು. ಸೆರಗಿನಲ್ಲಿ ಒರೆಸಿಕೊಂಡು ಡಬ್ಬಿಯ ಮುಚ್ಚಳ ತೆಗೆದರು. ತೆಗೆದವರು ಮತ್ತೆ ಮುಚ್ಚಿದರು.

"ಇನ್ನೊಂದು ಕಾಪಿ ಮಾಡ್ದ್ಯಾ?"

"ನಿಮ್ಮದನ್ನ ಕಂಪ್ಯೂಟರಿಗೆ ಹಾಕಿದೀನಿ ಆಪಾ."

"ನಂದು ಬಿಡು. ಉಳಿದೋರ್ದು? ಟಕ್ ಟಕ್ ಅಂತಾ ಇದ್ಯಾ ಅದು?"

"ಅಂತಾ ಇದೆ."

"‘ಮಾಡೋಣ’ ಅಂತಿದ್ರಲ್ಲ ಸಾರ್, ಅವರಿಗೆ ಫೋನ್ ಮಾಡು, ಹೊಸ ಡ್ರೈವ್ ಬೇಕು ಅನ್ನು. ಈಗ್ಲೇ. ಮಂಜ ಹೋಗಿ ತರ್ತಾನೆ, ಪಾಪ ಕಳ್ಕೊಳ್ಳಿ."

ಮಂಜಣ್ಣ ಆಗಲೇ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ.

ಹೊಸ ಡ್ರೈವ್ ಬಂದು, ಪೂರ್ತಿ ಕಾಪಿಗೆ ಹಾಕಿದಾಗ ಪರದೆ ಏನೋ ಒಂದು ಸಮಯ ತೋರಿಸಿತು. ನಾನು ನೋಡಲಿಲ್ಲ. ಆಪಾ ಒಂದು ಸ್ಟೂಲು ಎಳೆದುಕೊಂಡರು. ಡ್ರೈವಿನ ಪಕ್ಕದಲ್ಲಿ ತಿನ್ನಬಾರದೆಂಬ ತಮ್ಮದೇ ನಿಯಮ ಮೀರದ ಹಾಗೆ ಹೊಸ್ತಿಲಿನಾಚೆ ಕೂತು, ಕಿವಿಯನ್ನು ಮಾತ್ರ ಒಳಗಡೆ ಮಾಡಿ ಡಬ್ಬಿ ತೆರೆದರು. ಒಳಗೆ ಸದ್ದು ಬದಲಾದಾಗಲೆಲ್ಲ ಅವರ ಕೈ ತುತ್ತಿನ ಸಮೇತ ಅಲ್ಲೇ ನಿಲ್ಲುತ್ತಿತ್ತು. ಸದ್ದು ಮತ್ತೆ ಒಂದೇ ಸಮನಾದ ಮೇಲೆ ತುತ್ತು ಬಾಯಿಗೆ ಹೋಗುತ್ತಿತ್ತು.